ತಿಜೋರಿಯಲ್ಲಿ ಅಫೀಮು

ಆ ಹತ್ತು ರೂಬಲ್ ನೋಟಿನ ಮೇಲೆ ಇಸವಿ 1918, ಊರು ವೆರ್ನಿ. ಈಗಿನ ಕಜಾಕಸ್ತಾನದ ಅಲ್ಮಾಟಿಗೆ ಆಗಿನ ಹೆಸರು ಅದು. ಮಡಿಸಿ ಮಡಿಸಿ ನಡುವೆ ಗೆರೆ ಬಿದ್ದಿದೆ, ಅಂಚು ಸವೆದಿದೆ. ಯಾರದೋ ಜೇಬಿನಲ್ಲಿ, ಯಾವುದೋ ಸಂತೆಯಲ್ಲಿ ನಿಜಕ್ಕೂ ಓಡಾಡಿದ ಹಣ ಎನ್ನಲು ಬೇರೆ ಸಾಕ್ಷಿ ಬೇಡ. ನೋಟು ಎಂದಮೇಲೆ ಅದರ ಮೇಲೊಂದು ಭರವಸೆಯ ಮಾತು ಇರಬೇಕು. ನಮ್ಮ ನೋಟಿನ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರು ಮಾತು ಕೊಡುತ್ತಾರೆ. ಝಾರ್ ಕಾಲದ ರೂಬಲ್ ನೋಟು ಬದಲಿಗೆ ಚಿನ್ನದ ನಾಣ್ಯ ಕೊಡುವುದಾಗಿ ಹೇಳುತ್ತಿತ್ತು. ವೆರ್ನಿಯ ನೋಟಿನ ಮಾತೇ ಬೇರೆ. ಸರ್ಕಾರಿ ಬ್ಯಾಂಕಿನಲ್ಲಿ ಇಟ್ಟಿರುವ ಅಫೀಮು ಮತ್ತು ಸೆಮಿರೆಚ್ಯೆ ಪ್ರಾಂತದ ಸಮಸ್ತ ಸ್ವತ್ತು ಈ ಹಣಕ್ಕೆ ಆಧಾರ ಎನ್ನುತ್ತದೆ; ವೆರ್ನಿ ಆ ಪ್ರಾಂತದ್ದೇ ಊರು. ಅಫೀಮು ಮೊದಲು, ಉಳಿದದ್ದು ಆಮೇಲೆ.

ರಷ್ಯದ ಅಂತರ್ಯುದ್ಧದ ನೋಟುಗಳನ್ನು ಕೂಡಿಡುವವರಿಗೆ ಇದೊಂದು ಹಳೆಯ ತಮಾಷೆ. ಹರಾಜಿನವರು ಇದರ ಪಕ್ಕ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಬೆಲೆ ಏರಿಸುತ್ತಾರೆ, ಕೊಂಡವರು ಸ್ನೇಹಿತರಿಗೆ ತೋರಿಸಿ ನಗುತ್ತಾರೆ. ನನಗೆ ಆ ನಗೆಯಲ್ಲಿ ಏನೋ ಕೊರತೆ ಕಂಡಿತು. ಬ್ಯಾಂಕಿನ ತಿಜೋರಿಗೆ ಅಫೀಮು ಬಂದದ್ದಾದರೂ ಹೇಗೆ? ಅದನ್ನು ನೋಟಿನ ಮೇಲೆ ರಾಜಾರೋಷವಾಗಿ ಅಚ್ಚು ಹಾಕಿಸಿದವರ ತಲೆಯಲ್ಲಿ ಏನಿತ್ತು? ಅಂತರ್ಯುದ್ಧದ ಕಾಲದಲ್ಲಿ ಮಧ್ಯ ಏಷ್ಯದ ಬೇರೆ ಊರುಗಳೂ ನೋಟು ಹೊರಡಿಸಿದವಲ್ಲ, ಅವುಗಳ ಹಿಂದೆ ಏನಿತ್ತು? ಈ ಪ್ರಶ್ನೆಗಳ ಬೆನ್ನು ಹತ್ತಿದೆ.

ಮೊದಲು ಎಲ್ಲರೂ ಹೋಗುವಲ್ಲಿಗೇ ಹೋದೆ, ಕ್ಯಾಟಲಾಗುಗಳಿಗೆ. ನಿಕೊಲಾಯ್ ಕಾರ್ದಕೋವ್ 1953ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟಿಸಿದ ಪಟ್ಟಿ ಈ ಕ್ಷೇತ್ರದವರಿಗೆ ಇಂದಿಗೂ ಪಂಚಾಂಗವಿದ್ದಂತೆ. ಅದಕ್ಕೂ ಹಿಂದಿನದು, 1924ರಲ್ಲಿ ಮಾಸ್ಕೋದಲ್ಲಿ ಫ್ಯೋದರ್ ಚುಚಿನ್ ಸಂಪಾದಿಸಿದ್ದು. ಆಮೇಲಿನ ದಪ್ಪ ಅಮೆರಿಕನ್ ಕ್ಯಾಟಲಾಗಿನಲ್ಲಿ ಪ್ರಾಂತೀಯ ನೋಟುಗಳಿಗೆಂದೇ ಒಂದು ಸಂಪುಟವಿದೆ. ಅಲ್ಲಿ ಪ್ರತಿ ನೋಟಿನ ಸಂಖ್ಯೆಯ ಹಿಂದೆ 'ಎಸ್' ಅಕ್ಷರ. ಯಾವ ಊರು, ಯಾವ ಮುಖಬೆಲೆ, ಯಾವ ಬಣ್ಣ, ಎಷ್ಟು ಅಪರೂಪ, ಇಷ್ಟೂ ಇವುಗಳಲ್ಲಿ ಸಿಗುತ್ತವೆ. ಯಾಕೆ ಎಂಬುದು ಸಿಗುವುದಿಲ್ಲ. ಕ್ಯಾಟಲಾಗು ಮಾಡುವವರ ಕೆಲಸ ಅದಲ್ಲ, ದೂರುವಂತೆಯೂ ಇಲ್ಲ.

ಯಾಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ರೈಲಿನ ಚರಿತ್ರೆಯಲ್ಲಿ. ತಾಷ್ಕೆಂಟಿನಿಂದ ಒರೆನ್‌ಬುರ್ಗಿಗೆ, ಅಲ್ಲಿಂದ ಮಾಸ್ಕೋಗೆ, ಪೆಟ್ರೊಗ್ರಾಡಿಗೆ ಒಂದೇ ಹಳಿ. 1917ರ ಕೊನೆಯಲ್ಲಿ ಕೊಸಾಕ್ ನಾಯಕ ದುತೋವ್ ಒರೆನ್‌ಬುರ್ಗಿನಲ್ಲಿ ಬೊಲ್ಷೆವಿಕರ ವಿರುದ್ಧ ಎದ್ದು ನಿಂತ. ನಡುವೆ ಸ್ವಲ್ಪ ಕಾಲ ದಾರಿ ತೆರೆದರೂ ಮತ್ತೆ ಮುಚ್ಚಿತು. ಪೂರ್ತಿ ತೆರೆದುಕೊಂಡದ್ದು 1919ರ ಸೆಪ್ಟೆಂಬರಿನಲ್ಲಿ. ರಷ್ಯದ ಇತಿಹಾಸಕಾರರು ಇದನ್ನು 'ಒರೆನ್‌ಬುರ್ಗಿನ ಬಿರಡೆ' ಎನ್ನುತ್ತಾರೆ. ತಾಷ್ಕೆಂಟ್ ರಾಜಧಾನಿಯಾಗಿದ್ದ ತುರ್ಕೆಸ್ತಾನಕ್ಕೆ ಹೊರಗಿನಿಂದ ಬರುತ್ತಿದ್ದ ಧಾನ್ಯ ನಿಂತಿತು, ಎಣ್ಣೆ ನಿಂತಿತು. ರೈಲು ಎಂಜಿನ್ನುಗಳಿಗೆ ಅರಲ್ ಸಮುದ್ರದ ಒಣಮೀನು ಉರಿಸಿದರು. ಇದು ಕಟ್ಟುಕತೆಯಲ್ಲ, ಆ ಕಾಲದ ಬರಹಗಳಲ್ಲೆಲ್ಲ ಬರುವ ಮಾತು. ಎಣ್ಣೆಯ ಜೊತೆಗೆ ನಿಂತ ಇನ್ನೊಂದು ಸರಕು ನೋಟಿನ ಕಟ್ಟು. ರೂಬಲ್ ಅಚ್ಚಾಗುತ್ತಿದ್ದದ್ದು ಉತ್ತರದಲ್ಲಿ. ಬಟವಾಡೆ ಆಗಬೇಕಾದದ್ದು ತಾಷ್ಕೆಂಟಿನ ಕಾರ್ಖಾನೆಗಳಲ್ಲಿ, ರೈಲ್ವೆ ವರ್ಕ್‌ಶಾಪಿನಲ್ಲಿ, ಕೆಂಪು ಸೈನಿಕರ ಬ್ಯಾರಕ್ಕುಗಳಲ್ಲಿ. ಬೆಳ್ಳಿ ನಾಣ್ಯ ಮೊದಲ ಮಹಾಯುದ್ಧ ಶುರುವಾದಾಗಲೇ ಮಣ್ಣಿನೊಳಗೆ ಹೋಗಿತ್ತು. ಝಾರ್ ಮುದ್ರೆಯ ನೋಟನ್ನು ಜನ ಪೆಟ್ಟಿಗೆಗೆ ಸೇರಿಸಿದರು, ಝಾರ್ ನಂತರದ ತಾತ್ಕಾಲಿಕ ಸರ್ಕಾರದ ಮುಖ್ಯಸ್ಥ ಕೆರೆನ್‌ಸ್ಕಿಯ ನೋಟನ್ನು ಕೈ ದಾಟಿಸಿದರು.

1918ರಲ್ಲಿ ತಾಷ್ಕೆಂಟ್ ತನ್ನದೇ ನೋಟು ಅಚ್ಚು ಹಾಕಲು ಶುರುಮಾಡಿತು. ಸಂಗ್ರಾಹಕರ ಬಾಯಲ್ಲಿ ಅದು 'ತುರ್ಕ್‌ಬೋನ್'. ಹೊರಡುವಾಗ ಸಣ್ಣ ಮುಖಬೆಲೆ, 1920ರ ಹೊತ್ತಿಗೆ ಐದು ಸಾವಿರ, ಹತ್ತು ಸಾವಿರ ರೂಬಲ್. ಆಧಾರದ ಮಾತಿಗೆ ಬಂದರೆ ಪ್ರಾಂತದ ಸಮಸ್ತ ಸ್ವತ್ತು ಎಂಬ ದೊಡ್ಡ ಮಾತು. ಸಮಸ್ತ ಸ್ವತ್ತು ಎಂದರೆ ಎಲ್ಲವೂ ಹೌದು, ಏನೂ ಅಲ್ಲವೂ ಹೌದು. ಕೌಂಟರಿನ ಮುಂದೆ ನಿಂತು ಯಾರೂ ಅದನ್ನು ಕೇಳಿ ಪಡೆಯಲಾರರು. ಇಲ್ಲಿ ನಮ್ಮ ದೇಶದ ಒಂದು ಸಣ್ಣ ಕೊಂಡಿ ಇದೆ. 1920ರ ಅಕ್ಟೋಬರ್ 17ರಂದು ತಾಷ್ಕೆಂಟಿನಲ್ಲಿ ಎಂ. ಎನ್. ರಾಯ್ ಮತ್ತು ಸಂಗಾತಿಗಳು ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಿದಾಗ ಆ ಊರಿನ ಅಂಗಡಿಗಳಲ್ಲಿ ಓಡುತ್ತಿದ್ದ ಹಣ ಈ ತುರ್ಕ್‌ಬೋನೇ. ಕೆಲವೇ ತಿಂಗಳು ಕಳೆದು, 1921ರಲ್ಲಿ, ಹತ್ತು ತುರ್ಕ್‌ಬೋನ್ ರೂಬಲ್ಲಿಗೆ ಒಂದು ಮಾಸ್ಕೋ ರೂಬಲ್ ಎಂಬ ಲೆಕ್ಕದಲ್ಲಿ ಅದನ್ನು ವಾಪಸು ಪಡೆದರು. ಆ ಮಾಸ್ಕೋ ರೂಬಲ್ಲೇ ದಿನಕ್ಕೊಂದು ಬೆಲೆಗೆ ಇಳಿಯುತ್ತಿತ್ತು ಎಂಬುದು ಬೇರೆ ಮಾತು.

ವೆರ್ನಿಗೆ ತಾಷ್ಕೆಂಟೇ ದೂರ. ಅಲ್ಲಿಗೆ ರೈಲು ಬಂದದ್ದು ತುರ್ಕ್‌ಸಿಬ್ ಹಳಿ ಹಾಕಿದ ಮೇಲೆ. ಆ ಹಳಿ ಕೂಡಿದ್ದು 1930ರಲ್ಲಿ. ಅಂತರ್ಯುದ್ಧದ ಕಾಲದಲ್ಲಿ ಅಂಚೆ ಗಾಡಿಯ ರಸ್ತೆಯೊಂದೇ ದಾರಿ. 1918ರ ಮಾರ್ಚಿನಲ್ಲಿ ಊರು ಸೋವಿಯತ್ತರ ಕೈಗೆ ಬಂತು, ಏಪ್ರಿಲ್ಲಿನಲ್ಲಿ ಸುತ್ತಲಿನ ಕೊಸಾಕರು ದಂಗೆ ಎದ್ದರು, ಉತ್ತರದಲ್ಲಿ ರಣರಂಗ. ತಾಷ್ಕೆಂಟಿಗೇ ಹಣವಿಲ್ಲದಾಗ ವೆರ್ನಿಗೆ ಕಳಿಸುವವರು ಯಾರು?

ಇನ್ನು ಅಫೀಮಿನ ಜಾಡು. ಅದು ಅಂತರ್ಯುದ್ಧಕ್ಕಿಂತ ಹಿಂದಿನದು ಮತ್ತು ಅದರ ಮೂಲ ಆಸ್ಪತ್ರೆಯಲ್ಲಿದೆ. ಗಾಯಾಳುಗಳಿಗೆ ಬೇಕಾದ ಮಾರ್ಫಿನ್ನಿಗಾಗಿ ರಷ್ಯ ಹೊರಗಿನ ಅಫೀಮನ್ನು, ಮುಖ್ಯವಾಗಿ ತುರ್ಕಿಯದನ್ನು, ನೆಚ್ಚಿಕೊಂಡಿತ್ತು. 1914ರ ಮಹಾಯುದ್ಧದಲ್ಲಿ ತುರ್ಕಿಯೇ ಶತ್ರುವಾಯಿತು. ರಣರಂಗದಿಂದ ಗಾಯಾಳುಗಳು ಬರುತ್ತಲೇ ಇದ್ದರು. ಆಗ ಸರ್ಕಾರದ ಕಣ್ಣು ಬಿದ್ದದ್ದು ಸೆಮಿರೆಚ್ಯೆ ಮೇಲೆ. ಇಸಿಕ್-ಕುಲ್ ಸರೋವರದ ಸುತ್ತ, ಪಿಷ್ಪೆಕ್, ಪ್ರ್ಝೆವಾಲ್ಸ್ಕ್ ಕಡೆಯ ಹೊಲಗಳಲ್ಲಿ ಗಸಗಸೆ ಚೆನ್ನಾಗಿ ಬರುತ್ತಿತ್ತು. ಚೀನಾದ ಗಡಿ ದಾಟಿ ಬಂದ ದುಂಗನ್ ರೈತರಿಗೆ ಕಾಯಿಗೆ ಗೀರು ಹಾಕಿ ಹಾಲು ತೆಗೆಯುವ ಕೈಚಳಕ ಗೊತ್ತಿತ್ತು. ಬೆಳೆಯಲು ಸರ್ಕಾರವೇ ಅನುಮತಿ ಕೊಟ್ಟಿತು. ಬೆಳೆದದ್ದನ್ನೆಲ್ಲ ನಿಗದಿ ಬೆಲೆಗೆ ಸರ್ಕಾರಕ್ಕೇ ಒಪ್ಪಿಸಬೇಕು, ಬೇರೆ ಯಾರಿಗೂ ಮಾರುವಂತಿಲ್ಲ. ಸರ್ಕಾರಿ ಏಕಸ್ವಾಮ್ಯ ಎಂದಮೇಲೆ ಸರಕು ಸರ್ಕಾರಿ ಉಗ್ರಾಣಕ್ಕೆ ಬರಲೇಬೇಕು. ಸಣ್ಣ ಊರಿನಲ್ಲಿ ಬೆಲೆಬಾಳುವ ಸರಕಿಗೆ ಭದ್ರವಾದ ಉಗ್ರಾಣ ಎಂದರೆ ಬ್ಯಾಂಕಿನ ತಿಜೋರಿ.

ಕೊಳ್ಳುವವರು ಮಗ್ಗುಲಲ್ಲೇ ಇದ್ದರು. ಕುಲ್ಜಾ, ಕಾಶ್ಗರ್ ಕಡೆ ಚೀನೀ ಅಧಿಕಾರಿಗಳು ಗಸಗಸೆ ಬೆಳೆಯನ್ನು ನಿಷೇಧಿಸಿದ್ದರಿಂದ ಅಲ್ಲಿ ಅಫೀಮಿನ ಬೆಲೆ ಗಗನಕ್ಕೇರಿತ್ತು. ರಷ್ಯದ ಸರ್ಕಾರ ಕೊಡುವ ಬೆಲೆ ಒಂದು, ಗಡಿಯ ಆಚೆ ಕಳ್ಳಸಾಗಣೆದಾರ ಕೊಡುವ ಬೆಲೆ ಇನ್ನೊಂದು. ಇದನ್ನು ಓದುವಾಗ ಬ್ರಿಟಿಷರ ಅಫೀಮು ಕಾರ್ಖಾನೆಯಿದ್ದ ಘಾಜಿಪುರ ನೆನಪಾಗದೆ ಇರಲಿಲ್ಲ. ಬಂಗಾಳದ ಅಫೀಮನ್ನು ಕಲ್ಕತ್ತದಲ್ಲಿ ಹರಾಜು ಹಾಕಿ ಚೀನಾಕ್ಕೆ ಸಾಗಿಸಿ ಬೊಕ್ಕಸ ತುಂಬಿಕೊಂಡ ಬ್ರಿಟಿಷ್ ಸರ್ಕಾರ, 1907ರ ಒಪ್ಪಂದದ ನಂತರ ಆ ವ್ಯಾಪಾರವನ್ನು ಇಳಿಸುತ್ತ ಬಂದು ಕೈಬಿಟ್ಟಿತ್ತು. ಆಗ ತೆರವಾದ ಮಾರುಕಟ್ಟೆಯ ಹೊಸ್ತಿಲಲ್ಲೇ ಸೆಮಿರೆಚ್ಯೆ ಇದ್ದದ್ದು.

ಹೀಗೆ ನೋಡಿದರೆ ವೆರ್ನಿಯ ಕಮಿಸಾರರು ತಮಾಷೆಗೆ ಆ ಸಾಲು ಬರೆಸಲಿಲ್ಲ. ಅವರ ಹತ್ತಿರ ಚಿನ್ನವಿರಲಿಲ್ಲ. ಇದ್ದದ್ದು ಒಂದೇ ಸರಕು: ಕೆಡುವುದಿಲ್ಲ, ಸ್ವಲ್ಪ ಜಾಗದಲ್ಲಿ ಬಹಳ ಬೆಲೆ, ಗಡಿಯಾಚೆ ಯಾವ ಸರ್ಕಾರ ಬಂದರೂ ಹೋದರೂ ಗಿರಾಕಿ ಇದ್ದಾನೆ. ಮುಖ್ಯವಾಗಿ, ಅದು ತಿಜೋರಿಯಲ್ಲಿದೆ ಎಂದು ಇಡೀ ಸೀಮೆಗೆ ಗೊತ್ತು; ಬೆಳೆದು ತಂದೊಪ್ಪಿಸಿದವರೇ ಆ ಸೀಮೆಯ ರೈತರು. ಅಂತರ್ಯುದ್ಧದ ನೂರಾರು ನೋಟುಗಳಲ್ಲಿ ಇಷ್ಟು ಪ್ರಾಮಾಣಿಕವಾದ ಭರವಸೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ತೂಗಿ ನೋಡಬಹುದಾದ ವಸ್ತುವಿನ ಹೆಸರು ಹೇಳಿದ ನೋಟು ಅದು. ಹಣದುಬ್ಬರದಿಂದ ಅದೂ ಪಾರಾಗಲಿಲ್ಲ, ನಿಜ. ಅಚ್ಚು ಹಾಕುವ ಕೈ ಅಫೀಮು ತೂಗುವ ಕೈಗಿಂತ ಎಲ್ಲ ಕಾಲದಲ್ಲೂ ಚುರುಕು.

ಸೆಮಿರೆಚ್ಯೆಯ ಜಾಡು ಹಿಡಿದು ಹೋದವರು ಕಾಶ್ಗರಿಗೆ ಬಂದೇ ಬರುತ್ತಾರೆ, ಕಾಶ್ಗರಿನಿಂದ ದೆಹಲಿಗೆ. ಕಾಶ್ಗರಿನಲ್ಲಿದ್ದ ಬ್ರಿಟಿಷ್ ಕಾನ್ಸಲ್ ಜನರಲ್, 1918ರವರೆಗೆ ಜಾರ್ಜ್ ಮೆಕಾರ್ಟ್ನಿ, ಆಮೇಲೆ ಪರ್ಸಿ ಎಥರ್ಟನ್, ವರದಿ ಕಳಿಸುತ್ತಿದ್ದದ್ದು ಭಾರತ ಸರ್ಕಾರಕ್ಕೆ. ಆದ್ದರಿಂದ ಈ ಕಾಗದಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದ ವಿದೇಶಾಂಗ ಮತ್ತು ರಾಜಕೀಯ ಇಲಾಖೆಯ ಕಡತಗಳಲ್ಲಿ ಮತ್ತು ಲಂಡನ್ನಿನ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಸೇರಿಕೊಂಡಿವೆ. ಪತ್ರಾಗಾರದ 'ಅಭಿಲೇಖ ಪಟಲ' ಜಾಲತಾಣದಿಂದಾಗಿ ಬೆಂಗಳೂರಿನಲ್ಲಿ ಕೂತು ಸೂಚಿ ತಿರುವಬಹುದು. ಹುಡುಕುವವರಿಗೆ ಒಂದು ಮಾತು. ಈಗಿನ ತುರ್ಕ್‌ಮೆನಿಸ್ತಾನದ ಅಶ್ಗಾಬಾದ್ ಬೇಕಿದ್ದರೆ ಆ ಹೆಸರೊಂದನ್ನೇ ಹುಡುಕಿ ನಿಲ್ಲಿಸಬೇಡಿ. ಅಸ್ಖಾಬಾದ್, ಅಶ್ಕಾಬಾದ್, ಟ್ರಾನ್ಸ್‌ಕ್ಯಾಸ್ಪಿಯ, ಮೆಷೆದ್ ಎಂದೆಲ್ಲ ಗುಮಾಸ್ತರು ಬರೆದ ರೀತಿಯಲ್ಲೇ ಬೆರಳಚ್ಚು ಮಾಡಬೇಕು.

ನೋಟಿಗಾಗಿ ಈ ಕಡತಗಳಿಗೆ ಇಳಿದವರ ಕಣ್ಣಿಗೆ ಬೀಳುವುದು ಶಿಕಾರಪುರದ ಲೇವಾದೇವಿಗಾರರು. ನಮ್ಮ ಶಿವಮೊಗ್ಗದ ಶಿಕಾರಿಪುರವಲ್ಲ, ಸಿಂಧ್ ಪ್ರಾಂತದ್ದು. ಬುಖಾರ, ಸಮರ್ಕಂದ, ಕೊಕಂದ್, ಕಾಶ್ಗರ್, ಯಾರ್ಕಂದ್ ಎಲ್ಲೆಡೆ ಅವರ ಕೋಠಿಗಳಿದ್ದವು. ರೈತರಿಗೆ ಸಣ್ಣ ಸಾಲ, ಕಂತಿನಲ್ಲಿ ವಸೂಲಿ, ಊರಿಗೆ ಹುಂಡಿ. ಕ್ರಾಂತಿಯ ನಂತರ ಸಾಲ ಮುಳುಗಿತು, ಕೈಯಲ್ಲಿದ್ದ ರೂಬಲ್ ಕಾಗದವಾಯಿತು, ಕಾಶ್ಗರ್ ಇಲ್ಲವೇ ಪರ್ಷಿಯಾದ ದಾರಿ ಹಿಡಿದು ಹಿಂತಿರುಗಿದರು. ಬ್ರಿಟಿಷ್ ಪ್ರಜೆಗಳೆಂಬ ಹಕ್ಕಿನಿಂದ ನಷ್ಟದ ಅರ್ಜಿ ಹಾಕಿಕೊಂಡರು. ಇತಿಹಾಸಕಾರ ಕ್ಲಾಡ್ ಮಾರ್ಕೋವಿಟ್ಸ್ ಈ ವರ್ತಕರ ಬಗ್ಗೆ ಬರೆದ ಪುಸ್ತಕ ಓದಿದರೆ ಕಡತಗಳ ಒಣ ಭಾಷೆಯ ಹಿಂದಿನ ಜಗತ್ತು ಕಾಣುತ್ತದೆ. ನಾವು ಪ್ಲಾಸ್ಟಿಕ್ ಕವರಿನಲ್ಲಿಟ್ಟು ನೋಡುವ ನೋಟು ಅವರಿಗೆ ಒಂದು ಜೀವಮಾನದ ಗಳಿಕೆ. ಸಂಗ್ರಹದ ಹವ್ಯಾಸದಲ್ಲಿ ಇದು ಸುಲಭವಾಗಿ ಮರೆತುಹೋಗುತ್ತದೆ, ನನಗೂ ಕೂಡ.

ಖಾನರ ಆಳ್ವಿಕೆಯಲ್ಲಿದ್ದ ಖೀವಾದ ಕತೆ ಬೇರೆ. ಅಲ್ಲಿ ಕೊರತೆಯಾದದ್ದು ಕಾಗದವೇ. ಆದರೆ ಖೀವಾ ರೇಷ್ಮೆಯ ನಾಡು. ನೋಟನ್ನು ರೇಷ್ಮೆಯ ಮೇಲೆ ಅಚ್ಚು ಹಾಕಿದರು. ನನ್ನ ಬಳಿ ಇರುವ ತುಂಡನ್ನು ಭೂತಗನ್ನಡಿಯಲ್ಲಿ ಹಿಡಿದರೆ ಹಾಸು, ಹೊಕ್ಕು ಎರಡೂ ಎಣಿಸುವಷ್ಟು ಸ್ಪಷ್ಟ. ಅಂಚಿನಲ್ಲಿ ಎಳೆ ಬಿಟ್ಟುಕೊಂಡಿದೆ. ಮರದ ಅಚ್ಚಿನ ಒತ್ತು ಎಲ್ಲ ಕಡೆ ಸಮವಾಗಿಲ್ಲ, ಕೆಂಪು ಬಣ್ಣ ಬಳ್ಳಿಯ ಗೆರೆ ದಾಟಿ ಎಳೆಯ ಗುಂಟ ಹರಿದಿದೆ. ಕೊಳೆಯಾದರೆ ಒಗೆಯಬಹುದಾದ ಹಣ. ಚಲಾವಣೆ ನಿಂತ ಮೇಲೆ ಹೆಂಗಸರು ಇವನ್ನು ಜೋಡಿಸಿ ರಜಾಯಿಗೆ ಹೊಲಿದುಕೊಂಡರು ಎಂದು ಅಲ್ಲಿಯವರು ಹೇಳುತ್ತಾರೆ. ಆಧಾರ ಕೈಯಲ್ಲೇ ಇತ್ತಲ್ಲ, ಬ್ಯಾಂಕಿಗೆ ಹೋಗಬೇಕಾಗಿರಲಿಲ್ಲ.

ಖೀವಾದ ನೋಟಿನಲ್ಲಿ ಸಂಶೋಧಕರನ್ನು ಕಾಡುವುದು ಇಸವಿ. 1918ರ ಶರತ್ಕಾಲದಲ್ಲಿ ಖಾನ್ ಇಸ್ಫಂದಿಯಾರ್ ಕೊಲೆಯಾದ, ಸೈಯದ್ ಅಬ್ದುಲ್ಲಾ ಗದ್ದುಗೆಗೆ ಬಂದ, ಅಧಿಕಾರ ಮಾತ್ರ ತುರ್ಕ್‌ಮೆನ್ ನಾಯಕ ಜುನೈದ್ ಖಾನನ ಕೈಯಲ್ಲಿ. ಹಿಜರಿ 1337 ಶುರುವಾಗುವುದು ಅದೇ ವರ್ಷದ ಅಕ್ಟೋಬರಿನಲ್ಲಿ, ಹಾಗಾಗಿ 1337 ಎಂದಿದ್ದರೆ ಖಾನನ ನೋಟು, ಅನುಮಾನವಿಲ್ಲ. ತೊಡಕು 1338ರದು. ಆ ವರ್ಷ 1919ರ ಸೆಪ್ಟೆಂಬರಿನಿಂದ 1920ರ ಸೆಪ್ಟೆಂಬರಿನವರೆಗೆ. ನಡುವೆ 1920ರ ಫೆಬ್ರವರಿಯಲ್ಲಿ ಕೆಂಪು ಸೇನೆ ಖೀವಾ ಹೊಕ್ಕಿತು, ಏಪ್ರಿಲ್ಲಿನಲ್ಲಿ ಖೊರೆಜ್ಮ್ ಜನತಾ ಸೋವಿಯತ್ ಗಣರಾಜ್ಯ ಹುಟ್ಟಿತು. ಒಂದೇ ಇಸವಿ, ಎರಡು ಆಳ್ವಿಕೆ, ಅದೇ ರೇಷ್ಮೆ. ಬರೀ ಇಸವಿ ನೋಡಿ 'ಖಾನನ ನೋಟು' ಎಂದು ಮಾರುವವರನ್ನು ಕಂಡರೆ ದೂರ ಸರಿಯುವುದು ಒಳ್ಳೆಯದು. ಅರಬ್ಬಿ ಲಿಪಿಯ ಬರಹವನ್ನು ಓದಿಸಬೇಕು, ಯಾರ ಹೆಸರಿನಲ್ಲಿ ಹೊರಟಿದೆ ಎಂಬುದನ್ನು ಅದೇ ಹೇಳುತ್ತದೆ. ಖೀವಾದ ಕುಹ್ನಾ ಆರ್ಕ್ ಕೋಟೆಯ ಹಳೆಯ ಟಂಕಸಾಲೆಯಲ್ಲಿ ಈಗ ಇವನ್ನು ಪ್ರದರ್ಶನಕ್ಕಿಟ್ಟಿದ್ದಾರೆ.

ಕೊನೆಗೆ ಅಶ್ಗಾಬಾದ್. ಇಲ್ಲಿ ಭಾರತದ ಕೊಂಡಿ ನೇರವಾದದ್ದು. 1918ರ ಜುಲೈಯಲ್ಲಿ ಅಲ್ಲಿನ ರೈಲ್ವೆ ಕಾರ್ಮಿಕರು ತಾಷ್ಕೆಂಟಿನ ಬೊಲ್ಷೆವಿಕರ ವಿರುದ್ಧ ಎದ್ದು ತಮ್ಮದೇ ಸರ್ಕಾರ ಮಾಡಿಕೊಂಡರು. ಪರ್ಷಿಯಾದ ಮಷ್ಹದ್‌ನಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನಿಕ ಮಿಷನ್ನಿನ ಜನರಲ್ ವಿಲ್ಫ್ರಿಡ್ ಮ್ಯಾಲಿಸನ್ ಆಗಸ್ಟ್ 19ರಂದು ಅವರೊಡನೆ ಒಪ್ಪಂದ ಮಾಡಿಕೊಂಡ: ಸೈನ್ಯ ಕೊಡುತ್ತೇವೆ, ಹಣವನ್ನೂ ಕೊಡುತ್ತೇವೆ. ಸೈನ್ಯ ಎಂದರೆ ಭಾರತದ 19ನೇ ಪಂಜಾಬಿ ಪಲ್ಟನ್ ಮತ್ತು 28ನೇ ಅಶ್ವದಳ. ಕಾಖ್ಕಾದಲ್ಲಿ, ದುಶಕ್‌ನಲ್ಲಿ ಆ ಹುಡುಗರು ಯಾರದೋ ಅಂತರ್ಯುದ್ಧದಲ್ಲಿ ಹೋರಾಡಿದರು, ಸತ್ತರು. ಸೈನ್ಯ ಬಂತು, ಹಣದ್ದೇ ತಾಪತ್ರಯ. ರೈಲ್ವೆಯವರ ಸರ್ಕಾರ ಎಂದಮೇಲೆ ರೈಲ್ವೆಯವರಿಗೆ ಬಟವಾಡೆ ತಪ್ಪುವಂತಿಲ್ಲ. ಮಿಷನ್ನಿನ ಕೈಯಲ್ಲಿ ರೂಬಲ್ ಎಲ್ಲಿಂದ ಬರಬೇಕು?

ಮ್ಯಾಲಿಸನ್ ಕಂಡುಕೊಂಡ ಉಪಾಯ ಐನೂರು ರೂಬಲ್ಲಿನ ಮುಚ್ಚಳಿಕೆ ಪತ್ರ. ಬ್ರಿಟಿಷ್ ಸರ್ಕಾರದ ಹೆಸರಿನಲ್ಲಿ, ಮೂರು ತಿಂಗಳ ನಂತರ, ಇದನ್ನು ತಂದವರಿಗೆ ಐನೂರು ರೂಬಲ್ ಕೊಡುತ್ತೇನೆ ಎಂದು ಜನರಲ್ಲನ ಮಾತು. ಕ್ಯಾಟಲಾಗುಗಳು ಇದನ್ನು ನೋಟುಗಳ ನಡುವೆಯೇ ಪಟ್ಟಿ ಮಾಡುತ್ತವೆ. ವಾಯಿದೆ ಬರೆದಿರುವುದರಿಂದ ಇದು ಹುಂಡಿಯ ಜಾತಿ ಎಂದು ನನಗನಿಸುತ್ತದೆ. ಬಹಳ ಅಪರೂಪದ್ದು, ನನ್ನ ಜೇಬಿಗೆ ನಿಲುಕುವುದಲ್ಲ, ಚಿತ್ರದಲ್ಲಿ ನೋಡಿಯೇ ತೃಪ್ತಿ.

ಇದನ್ನು ಓದಬೇಕಾದದ್ದು ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು. ಪತ್ರದ ಕಾಲ 1918ರ ಡಿಸೆಂಬರ್. ಮೂರು ತಿಂಗಳ ವಾಯಿದೆ ಎಂದರೆ 1919ರ ಮಾರ್ಚ್. ಮಿಷನ್ನಿನಲ್ಲಿದ್ದ ಸಿ. ಎಚ್. ಎಲಿಸ್ 1963ರಲ್ಲಿ ಬರೆದ ಪುಸ್ತಕ, ಮ್ಯಾಲಿಸನ್ನನೇ 1922ರಲ್ಲಿ ಸೆಂಟ್ರಲ್ ಏಷ್ಯನ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ, ಇವುಗಳ ಘಟನಾವಳಿಯನ್ನು ಎದುರಿಗಿಟ್ಟುಕೊಂಡರೆ ಆ ತಿಂಗಳು ಬ್ರಿಟಿಷರು ಏನು ಮಾಡುತ್ತಿದ್ದರೆಂದು ತಿಳಿಯುತ್ತದೆ: ಗಂಟುಮೂಟೆ ಕಟ್ಟುತ್ತಿದ್ದರು. ಹಿಂದೆ ಸರಿಯುವ ನಿರ್ಧಾರ ಅಷ್ಟರಲ್ಲೇ ಆಗಿತ್ತು, ಏಪ್ರಿಲ್ ಮೊದಲ ದಿನಗಳಲ್ಲಿ ಪಡೆಗಳು ಪರ್ಷಿಯಾಕ್ಕೆ ವಾಪಸಾದವು. ಜುಲೈಯಲ್ಲಿ ಕೆಂಪು ಸೇನೆ ಅಶ್ಗಾಬಾದ್ ಹಿಡಿಯಿತು. ಊರಿಗೆ ಪೊಲ್ತೊರಾತ್ಸ್ಕ್ ಎಂದು ಹೆಸರಿಟ್ಟರು. ಹಿಂದಿನ ವರ್ಷ ಮೆರ್ವ್‌ನಲ್ಲಿ ಇದೇ ರೈಲ್ವೆಯವರ ಕಡೆಯವರು ಗುಂಡಿಕ್ಕಿ ಕೊಂದ ಬೊಲ್ಷೆವಿಕ್ ಕಮಿಸಾರನ ಹೆಸರು. ಸಾಮ್ರಾಜ್ಯವೊಂದರ ಹೆಸರಿನಲ್ಲಿ ಬರೆದ ಪತ್ರಕ್ಕೆ ವಾಯಿದೆ ಬರುವ ಹೊತ್ತಿಗೆ ಬರೆದವರು ಊರಿನಿಂದ ಕಾಲು ತೆಗೆಯುತ್ತಿದ್ದರು. ವೆರ್ನಿಯ ಅಫೀಮು ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಅದು ಆ ಊರಿನದೇ.

ಹುಡುಕಾಟದ ಕೊನೆಯಲ್ಲಿ ಮತ್ತೆ ಕ್ಯಾಟಲಾಗಿಗೇ ಬಂದೆ, ಚುಚಿನ್ ಸಂಪಾದಿಸಿದ 1924ರ ಪಟ್ಟಿಗೆ. ಈ ಸಲ ನೋಡಿದ್ದು ನೋಟುಗಳನ್ನಲ್ಲ, ಸಂಪಾದಕನನ್ನು. ವೋಲ್ಗಾ ಸೀಮೆಯ ಮಹಾ ಕ್ಷಾಮದ ಸಂದರ್ಭದಲ್ಲಿ, 1922ರಲ್ಲಿ, ಸೋವಿಯತ್ ಸರ್ಕಾರ ಚುಚಿನ್‌ನನ್ನು ಅಂಚೆಚೀಟಿ ದೇಣಿಗೆಗಳ ಅಧಿಕಾರಿಯಾಗಿ ನೇಮಿಸಿತ್ತು. ಸಂಗ್ರಾಹಕರಿಗೆ ಮಾರಿ ಬಂದ ಹಣ ಹಸಿದವರ ಪರಿಹಾರಕ್ಕೆ. ಅಂಚೆಚೀಟಿಯ ಜೊತೆಗೆ ಸತ್ತ ನೋಟುಗಳೂ ಸೇರಿದವು. ಅಂಚೆಚೀಟಿ ಮತ್ತು ಬೋನ್‌ಗಳ ಅಧಿಕಾರಿಯ ಸಂಸ್ಥೆ ಎಂದೇ ಅದಕ್ಕೆ ಹೆಸರಾಯಿತು. ದೇಶದ ಹೊರಗಿನವರೊಡನೆ ಇವುಗಳ ವ್ಯವಹಾರ ಆ ಸಂಸ್ಥೆಯ ಮೂಲಕವೇ ನಡೆಯಬೇಕೆಂಬ ಕಟ್ಟಳೆ ಬಂತು. ಪಟ್ಟಿಯಲ್ಲಿ ಕೆಂಪು, ಬಿಳಿ ಎಂಬ ಭೇದವಿಲ್ಲ. ಬಿಳಿಯರ ಸೇನಾನಾಯಕ ದೆನಿಕಿನ್‌ನ ನೋಟು, ಇನ್ನೊಬ್ಬ ಬಿಳಿಯ ನಾಯಕ ಕೊಲ್ಚಾಕ್‌ನ ನೋಟು, ತಾಷ್ಕೆಂಟಿನ ತುರ್ಕ್‌ಬೋನ್, ಎಲ್ಲವೂ ಊರಿನ ಲೆಕ್ಕದಲ್ಲಿ ಒಂದರ ಕೆಳಗೊಂದು. ಯುದ್ಧ ಗೆದ್ದವರು ಸೋತವರ ಹಣವನ್ನು ವಿದೇಶಿ ಹವ್ಯಾಸಿಗಳಿಗೆ ಮಾರಿ ಡಾಲರು, ಪೌಂಡು ಗಳಿಸಿದರು.